ಸಂಗಮದ ಬಾವಿಗೆ ಒಂದು ಬೋರ್ಡ್ ಹಾಕ್ರಿ

ಕೂಡಲಸಂಗಮಕ್ಕ ಹೋದ ಮಂದಿ ಐಕ್ಯ ಮಂಟಪಕ್ಕ ಇಳಿತಾರ, ಕೈ ಮುಗಿತಾರ, ಸೆಲ್ಫಿ ತಕ್ಕೊಂತಾರ, ಮ್ಯಾಲೆ ಬಂದು ಚುರುಮುರಿ ತಿಂತಾರ. ಬಸವಣ್ಣನ ಐಕ್ಯಲಿಂಗ ಇಷ್ಟು ಕೆಳಗ ಬಾವಿಯೊಳಗ ಯಾಕ ಐತ್ರಿ ಅಂತ ಮೊನ್ನೆ ಅಲ್ಲೇ ಒಂದಿಷ್ಟ ಮಂದಿನ್ನ ಕೇಳಿದೆ. ಒಬ್ಬ ಕಾಕಾ 'ಗವಿ ಇರಬೇಕಪಾ, ಮೊದಲಿಂದ ಹಂಗ ಐತಿ' ಅಂದ್ರು. ಇನ್ನೊಬ್ಬ ಅಕ್ಕಾರು 'ಅಲ್ಲಿ ಇಳದ ತಪಸ್ಸು ಮಾಡ್ತಿದ್ರಂತ' ಅಂದ್ರು. ಒಬ್ಬರ ಬಾಯಾಗೂ ಡ್ಯಾಮ್ ಅನ್ನೂ ಮಾತು ಬರಲಿಲ್ಲ ನೋಡ್ರಿ.

ಅದು ಗವಿ ಅಲ್ಲ. ಕೃಷ್ಣಾ ಮಲಪ್ರಭಾ ಕೂಡೂ ಜಾಗಾ ಅದು, ಐಕ್ಯಲಿಂಗ ಇದ್ದದ್ದು ಹೊಳಿ ದಂಡ್ಯಾಗ, ಬಯಲಾಗ. ಕೆಳಗ ನಾರಾಯಣಪುರದಾಗ ಡ್ಯಾಮ್ 1982ರಾಗ ಮುಗೀತು, ಅದಕ್ಕ ಹೆಸರೂ ಬಸವಸಾಗರ ಅಂತನ ಇಟ್ರು, ಆ ಬಸವಸಾಗರದ ಹಿನ್ನೀರಿಗೇ ಬಸವಣ್ಣನ ಐಕ್ಯ ಸ್ಥಳ ಮುಳಗೂ ಹಂಗ ಆತು, ಅದಕ್ಕ ಲಿಂಗ ಇದ್ದಲ್ಲೇ ಬಿಟ್ಟು ಸುತ್ತ ಕಾಂಕ್ರೀಟ್ ಗೋಡಿ ಎಬ್ಬಿಸಿ, ಇಳ್ಯಾಕ ಮೆಟ್ಟಲಾ ಮಾಡಿ, ದಂಡಿಯಿಂದ ಹೋಗಾಕ ಒಂದು ಸೇತುವಿ ಹಾಕಿದ್ರು. ಅಂದ್ರ ಲಿಂಗ ಕೆಳಗ ಹೋಗಿಲ್ಲ, ನೀರು ಮ್ಯಾಲೆ ಬಂದೈತಿ.

ನಾ ಹೋಗಿದ್ದು ನಮ್ಮ ದೋಸ್ತನ ಜೋಡಿ, ಬೈಕ್ ಮ್ಯಾಲೆ, ಬಾಗಲಕೋಟಿ ನವನಗರದಿಂದ. ಅಮೀನಗಡ ಮ್ಯಾಲೆ ಹಾದು ಹ್ವಾದ್ವಿ, ಕರದಂಟಿನ ಆಸೆ, ಬ್ಯಾರೆ ಏನಿಲ್ಲ. ಮಳಿಗಾಲ ಮುಗದಿತ್ತು, ಹಿನ್ನೀರು ತುಂಬಿತ್ತು. ಸೇತುವಿ ಮ್ಯಾಲೆ ಬಿಸಲು ಚುರು ಚುರು ಅಂತಿತ್ತು, ಒಳಗ ನಾಕು ಮೆಟ್ಟಲಾ ಇಳಿದ್ರ ತಂಪು. ಹಿಂದ ಯಾರೋ ಓಂ ನಮಃ ಶಿವಾಯ ಅಂದ್ರ ಅದು ಗೋಡಿಗೆ ಬಡದು ವಾಪಸ್ ಬರತಿತ್ತು. ದೋಸ್ತ ಅರ್ಧಕ್ಕ ನಿಂತು ಗೋಡಿಗೆ ಅಂಗೈ ಹಚ್ಚಿ 'ಲೇ, ಹೊರಗ ನೀರು ಈಗ ನಮ್ಮ ನೆತ್ತಿ ಮ್ಯಾಲೆ ಐತಿ' ಅಂದ. ಹಿಂದಿನವ್ರು ಮುಂದ ನಡೀರಿ ಅಂತ ನೂಕಾಕತ್ರು, ಅವ ಕೈ ತಗೀಲೇ ಇಲ್ಲ.

ಯಾಕಂದ್ರ ಅವಂದು ಮುಳುಗಡಿ ಊರು. ಅದು ನಾರಾಯಣಪುರದ್ದಲ್ಲ, ಮ್ಯಾಲಿನ ಆಲಮಟ್ಟಿ ಹಿನ್ನೀರಿಂದು. ಸಾಲಿ, ಹನಮಪ್ಪನ ಗುಡಿ, ಹೊಲ ಎಲ್ಲಾ ನೀರಾಗ. ಬ್ಯಾಸಗ್ಯಾಗ ನೀರು ಇಳಿದ್ರ ಅವರಪ್ಪ ಈಗೂ ಹೋಗಿ ತಮ್ಮ ಮನಿ ಬುನಾದಿ ಎಲ್ಲೈತಿ ಅಂತ ಹುಡುಕಿ ಅದರ ಮ್ಯಾಲೆ ನಿಂತ ಬರ್ತಾರ. ಮನಿಗೆ ಪರಿಹಾರ ಬಂತು, ಪ್ಲಾಟ್ ಸಿಕ್ತು, ಇಲ್ಲ ಅನ್ನಂಗಿಲ್ಲ. ಆದ್ರ ಕೆಳಗ ಲಿಂಗದ ಮುಂದ ನಿಂತಾಗ ಅವ ಹೇಳಿದ್ದು ಇಷ್ಟ: 'ಬಸವಣ್ಣಗ ಒಂದು ಬಾವಿ ಕಟ್ಟಿದ್ರು, ನಮ್ಮೂರ ಸುತ್ತ ಗೋಡಿ ಕಟ್ಟಾಕ ಆಗ್ತಿರಲಿಲ್ಲ ಬಿಡು, ಆದ್ರ ಇಲ್ಲಿ ಒಂದು ಊರು ಇತ್ತು ಅಂತ ಒಂದು ಕಲ್ಲರ ನೆಡಬಹುದಿತ್ತು.'

ಸ್ಥಾವರ ಅಳೀತದ ಅಂದಾವನ ಸಮಾಧಿಗೇ ಕಾಂಕ್ರೀಟ್ ಕೋಟೆ ನೋಡ್ರಿ ಅಂತ ವರ್ಷಾ ಬಸವ ಜಯಂತಿಗೆ ಯಾರರ ಒಬ್ರು ಪೋಸ್ಟ್ ಹಾಕೇ ಹಾಕ್ತಾರ. ಆ ವ್ಯಂಗ್ಯ ಸವದ ಹೋಗೈತಿ. ನನಗ ಗೋಡಿ ಬಗ್ಗೆ ತಕರಾರಿಲ್ಲ, ಖರೇ ಹೇಳಬೇಕಂದ್ರ ಆ ಗೋಡಿ ಕಟ್ಟಿದ ಎಂಜಿನಿಯರ್‌ಗಳ ಬಗ್ಗೆ ಹೆಮ್ಮೆ ಐತಿ. ಇದ ಕೃಷ್ಣಾ ಹೊಳಿ ಕೆಳಗ ಹೋಗಿ ತುಂಗಭದ್ರಾ ಕೂಡೂ ಜಾಗಾದಾಗ ಕೂಡವೆಲ್ಲಿ ಅಂತ ಐತಿ, ಅಲ್ಲೂ ಒಂದು ಸಂಗಮೇಶ್ವರ ಗುಡಿ ಇತ್ತು, ಶ್ರೀಶೈಲಂ ಡ್ಯಾಮ್ ಬಂದಾಗ ಅದನ್ನ ಕಲ್ಲು ಕಲ್ಲು ಬಿಚ್ಚಿ ಆಲಂಪುರಕ್ಕ ಒಯ್ದು ಮತ್ತ ಕಟ್ಟಿದ್ರು. ಗುಡಿ ಹಂಗ ಎತ್ತಿ ಒಯ್ಯಬಹುದು. ಐಕ್ಯ ಆದ ಜಾಗಾ ಹ್ಯಾಂಗ ಒಯ್ತೀರಿ? ಅದಕ್ಕ ಇಲ್ಲಿ ನೀರನ್ನ ತಡದ್ರು. ಎಷ್ಟು ದೊಡ್ಡ ಕತಿ ಇದು, ಅಲ್ಲಿ ಬಂದ ಹುಡುಗೂರಿಗೆ ಹೇಳಾವರ ಇಲ್ಲ!

ಹನ್ನೆರಡನೇ ಶತಮಾನದ ಬಗ್ಗೆ ಸಂಗಮದಾಗ ಬೇಕಾದಷ್ಟು ಓದಾಕ ಸಿಗತೈತಿ. ಕಲ್ಯಾಣ, ಬಿಜ್ಜಳ, ಅನುಭವ ಮಂಟಪ ಎಲ್ಲಾ. ನಮ್ಮ ಅಪ್ಪಗೋಳ ಕಾಲದಾಗ ಆದದ್ದರ ಬಗ್ಗೆ ಒಂದು ಸಾಲು ನನ್ನ ಕಣ್ಣಿಗೆ ಬೀಳಲಿಲ್ಲ. ಬಾವಿ ಬಾಯಿ ಹಂತ್ಯಾಕ ಒಂದು ಬೋರ್ಡ್ ಸಾಕು: ಹಿನ್ನೀರು ಬರೂಕಿಂತ ಮೊದಲು ಇದು ಹ್ಯಾಂಗಿತ್ತು, ಗೋಡಿ ಹ್ಯಾಂಗ ಕಟ್ಟಿದ್ರು, ಸುತ್ತ ಯಾವ್ಯಾವ ಊರು ಎದ್ದು ಹ್ವಾದ್ವು. ಊರ ಹೆಸರು ಬರೀಲೇಬೇಕು, ಅದರಾಗ ಜಾಗಾ ಸಾಲಂಗಿಲ್ಲ ಅನ್ನೂ ನೆವಾ ಬ್ಯಾಡ.

ಹಳೇದು ಯಾಕ ಕೆದಕ್ತೀರಿ ಅನ್ನಾವ್ರಿಗೆ: ಮುಳುಗಡಿ ಇನ್ನೂ ಹಳೇದಾಗಿಲ್ಲ. ಆಲಮಟ್ಟ್ಯಾಗ ಈಗ ನೀರು ನಿಲ್ಲೂದು 519.60 ಮೀಟರ್, 2010ರಾಗ ಕೃಷ್ಣಾ ನೀರು ಹಂಚೂ ಟ್ರಿಬ್ಯುನಲ್ 524.256 ಮೀಟರ್ ತನಕ ನಿಲ್ಲಸಬಹುದು ಅಂತ ಹೇಳೈತಿ. ಆ ನಡಕಿನ ಮೀಟರ್‌ನ್ಯಾಗ ಇನ್ನೂ ಊರು ಅದಾವ, ಹೊಲ ಅದಾವ. ನೀರು ಬೇಕು, ಬ್ಯಾಡ ಅಂದ್ರ ನಮ್ಮ ಕಡಿ ರೈತರ ನನ್ನ ಹೊಡಿತಾರ. ಲೆಕ್ಕಾ ಬರದಿಡ್ರಿ ಅಂತೀನಿ ಅಷ್ಟ.

ದಾಸೋಹದಾಗ ಊಟ ಮಾಡ್ಕೊಂತ ನಾವಿಬ್ರು ಇದರ ಮ್ಯಾಲೆನ ಜಗಳಾಡಿದ್ವಿ. ಬೋರ್ಡ್ ಹಾಕಿದ್ರ ಯಾವ ಮಗಾ ಓದ್ತಾನ ಅಂತ ಅವ, ಓದ್ಲಿ ಬಿಡ್ಲಿ ಹಾಕಬೇಕು ಅಂತ ನಾ. ಕಡೀಕ ಅವನ ಒಂದು ದಾರಿ ಹೇಳಿದ. ಬಾವಿ ಕಟ್ಟೂಕಿಂತ ಮೊದಲಿನ ಸಂಗಮದ ಫೋಟೋ ನಿಮ್ಮ ಮನ್ಯಾಗ, ಅಜ್ಜನ ಟ್ರಂಕ್‌ನ್ಯಾಗ, ಎಲ್ಲೇ ಇದ್ರೂ ನನಗ ಕಳಸ್ರಿ, ಮೂಲ ಪ್ರತಿ ಬ್ಯಾಡ, ಮೊಬೈಲ್‌ನ್ಯಾಗ ತಗದ್ರೂ ನಡೀತೈತಿ. ದೋಸ್ತಂದು ಝೆರಾಕ್ಸ್ ಅಂಗಡಿ ಐತಿ, ದೊಡ್ಡದಾಗಿ ಪ್ರಿಂಟ್ ತಗದು, ಬೋರ್ಡ್ ಹಾಕ್ರಿ ಅನ್ನೂ ಅರ್ಜಿ ಜೋಡಿ ಹಚ್ಚಿ ಕೊಡ್ತೀವಿ. ಪ್ರಿಂಟಿನ ರೊಕ್ಕಾ ಅವಂದ, ಇದನ್ನ ಇಲ್ಲಿ ಬರದೇನಿ, ಇನ್ನ ತಪ್ಪಿಸ್ಕೊಳ್ಳಂಗಿಲ್ಲ.