ಲಿಫ್ಟ್ ಇದೆ ಸ್ವಾಮಿ, ಹಿಂದಿನ ಬಸ್ಸಲ್ಲಿ ಬನ್ನಿ

ಬಸ್ಸಿಗೆ ವೀಲ್‌ಚೇರ್ ಲಿಫ್ಟ್ ಆರಿಸುವುದು ಸುಲಭ ಅಂದುಕೊಂಡವರು ಯಾವತ್ತೂ ಟೆಂಡರ್ ಕಮಿಟಿಯಲ್ಲಿ ಕೂತವರಲ್ಲ. ವೀಲ್‌ಚೇರ್‌ನಲ್ಲಿ ಓಡಾಡುವ ಒಬ್ಬರನ್ನಾದರೂ ಕರೆದು ಕೇಳೋಣವೇ ಎಂದು ಯಾರೋ ಬಾಯಿಬಿಟ್ಟರಂತೆ. ಆದರೆ ಮೀಟಿಂಗ್ ಇದ್ದದ್ದು ಎರಡನೇ ಮಹಡಿಯಲ್ಲಿ. ಮಾತು ಅಲ್ಲಿಗೇ ನಿಂತು ಗೋಡಂಬಿ ತಟ್ಟೆ ಮುಂದಕ್ಕೆ ಹೋಯಿತು. ಇದು ಯಾವ ಊರಿನ ಕಮಿಟಿ ಎಂದು ಕೇಳಬೇಡಿ. ನಿಮ್ಮೂರಿನದೇ ಅಂದುಕೊಳ್ಳಿ, ಜಾಸ್ತಿ ತಪ್ಪಾಗುವುದಿಲ್ಲ.

ಲೆಕ್ಕವೇನೋ ಸರಿಯಾಗಿಯೇ ಶುರುವಾಯಿತು. ಸಾಮಾನ್ಯ ಬಸ್ಸಿನ ನೆಲ ರಸ್ತೆಯಿಂದ ಸುಮಾರು 90 ಸೆಂಟಿಮೀಟರ್ ಮೇಲಿರುತ್ತದೆ. ಕಟ್ಟಡಗಳಿಗೆ ಹೇಳಿರುವ 1:12ರ ಇಳಿಜಾರನ್ನೇ, ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ, ಇಲ್ಲೂ ಹಿಡಿದರೆ ರ‍್ಯಾಂಪ್ ಹೆಚ್ಚುಕಮ್ಮಿ 11 ಮೀಟರ್ ಆಗುತ್ತದೆ. ಬಸ್ಸಿರುವುದೇ 12 ಮೀಟರ್. ಹಾಗಾಗಿ ಲಿಫ್ಟೇ ಗತಿ.

ಆಗ ಮೂಲೆಯಲ್ಲಿದ್ದ ಕಿರಿಯ ಎಂಜಿನಿಯರ್ ಕೆಮ್ಮಿದರು. "ಸರ್, ನೆಲ 40 ಸೆಂಟಿಮೀಟರ್ ಇರೋ ಲೋ ಫ್ಲೋರ್ ಬಸ್ ತಗೊಂಡ್ರೆ ಬಾಗಿಲಲ್ಲಿ ಒಂದು ಮಡಚೋ ಹಲಗೆ ಸಾಕಲ್ವಾ? ಕೈಯಲ್ಲೇ ಬಿಚ್ಚಬಹುದು. 2006ರಲ್ಲಿ ಬೆಂಗಳೂರಿಗೆ ಬಂದ ವೋಲ್ವೊದಲ್ಲೇ ಇತ್ತು. ಬಸ್ಸೂ ಬಾಗಿಲ ಕಡೆ ಸ್ವಲ್ಪ ಬಾಗ್ತಿತ್ತು."

ಅಧ್ಯಕ್ಷರು ಅವರನ್ನು ಕನಿಕರದಿಂದ ನೋಡಿದರು. "ಹಲಗೆ ಬಿಚ್ಚೋಕೆ ಮಿನಿಸ್ಟರನ್ನ ಕರೆಯೋಕಾಗುತ್ತೇನ್ರೀ? ಗುಂಡಿ ಒತ್ತೋ ಥರದ್ದು ಬೇಕು."

ಗುಂಡಿ ಒತ್ತುವ ಲಿಫ್ಟ್‌ಗಳಲ್ಲಿ ಅತಿ ಕಡಿಮೆ ರೇಟು ಹಾಕಿದ್ದು ಗೆದ್ದಿತು. ಮುನ್ನೂರು ಕಿಲೋ ಎತ್ತಬೇಕೆಂಬ ಷರತ್ತು ಒಳ್ಳೆಯದೇ. ಬ್ಯಾಟರಿ ವೀಲ್‌ಚೇರ್ ಒಂದೇ ನೂರು ಕಿಲೋ ದಾಟುವುದುಂಟು. ಅದರ ಮೇಲೆ ಕೂತವರು, ಪಕ್ಕದಲ್ಲಿ ನಿಲ್ಲುವವರು ಬೇರೆ. ಪರೀಕ್ಷೆಯ ದಿನ ನಾಲ್ವರು ಅಧಿಕಾರಿಗಳು ಶೂ ಸಮೇತ ಲಿಫ್ಟ್ ಮೇಲೆ ನಿಂತರು. ಒಬ್ಬರ ಕೈಯಲ್ಲಿ ಟೀ ಲೋಟವಿತ್ತು. ಲಿಫ್ಟ್ ಗರ್ರ್ ಎಂದು ಮೇಲೇರಿತು, ಟೀ ತುಳುಕಲಿಲ್ಲ. ಚಪ್ಪಾಳೆ! ವೀಲ್‌ಚೇರ್ ಯಾಕೆ ತರಲಿಲ್ಲ ಅಂದರೆ, ಅದು ಟೆಂಡರ್‌ನಲ್ಲಿ ಇರಲಿಲ್ಲ.

ಈಗ ಬಸ್ಸು ರಸ್ತೆಗಿಳಿಯಿತು ಎನ್ನಿ. ಹೊಸ ಎಲೆಕ್ಟ್ರಿಕ್ ಬಸ್ಸುಗಳ ಕರಾರಿನಲ್ಲಿ ಡ್ರೈವರ್ ಕಂಪನಿಯ ಕಡೆಯವರು, ಕಂಡಕ್ಟರ್ ನಿಗಮದವರು. ಲಿಫ್ಟ್ ಇಳಿಸಬೇಕಾದವರು ಯಾರು? "ನಂದು ಸ್ಟೀರಿಂಗ್ ಮಾತ್ರ ಸರ್." "ನಂದು ಟಿಕೆಟ್ ಮಾತ್ರ ಸರ್." ರಿಮೋಟ್ ಇದೆಯಾ? ಇದೆ. ಕಳೆದುಹೋದರೆ ಸಂಬಳದಲ್ಲಿ ಮುರಿಯುತ್ತಾರೆ ಎಂದು ಡಿಪೋದ ಬೀರುವಿನಲ್ಲಿ ಭದ್ರವಾಗಿದೆ.

ಒಂದು ವೇಳೆ ಇಳಿಸಿದರೂ ಎಲ್ಲಿಗೆ? ಬಸ್ ಸ್ಟಾಪಿನ ಅಂಚಿಗೆ ಆಟೋ ನಿಂತಿದೆ, ಅದರ ಪಕ್ಕ ಸೌತೆಕಾಯಿ ಗಾಡಿ. ಬಸ್ಸು ನಿಲ್ಲುವುದು ನಡುರಸ್ತೆಯಲ್ಲಿ. ಅಲ್ಲಿಗೆ ಬರಬೇಕಾದ ವೀಲ್‌ಚೇರ್ ಫುಟ್‌ಪಾತ್ ಮೇಲೇ ಇದೆ. ಬೈಕಿನವರು ಹತ್ತಬಾರದೆಂದು ನೆಟ್ಟ ಕಂಬಗಳ ನಡುವೆ ದಾರಿ ಹುಡುಕುತ್ತಿದೆ. ಬೈಕುಗಳಿಗೆ ದಾರಿ ಸಿಕ್ಕಿದೆ ಅನ್ನೋದು ಬೇರೆ ಮಾತು.

ಲಿಫ್ಟ್ ಪೂರ್ತಿ ಮಡಚದೆ ಬಸ್ಸು ಮುಂದೆ ಹೋಗಬಾರದೆಂದು ಅದರಲ್ಲೊಂದು ಸೆನ್ಸರ್ ಇರುತ್ತದೆ. ನಮ್ಮ ಧೂಳಿಗೆ ಅದಕ್ಕೆ ಮಂಪರು. ಲಿಫ್ಟ್ ಮಡಚಿದ್ದರೂ ಬಿಚ್ಚಿದೆ ಎಂದು ಹಟ ಹಿಡಿಯುತ್ತದೆ. ಬಸ್ಸು ನಿಂತಲ್ಲೇ ನಿಲ್ಲುತ್ತದೆ, ಹಿಂದೆ ಅರ್ಧ ಊರೇ ಹಾರ್ನ್ ಹೊಡೆಯುತ್ತದೆ. ಡಿಪೋ ಮೆಕ್ಯಾನಿಕ್ ಬಂದು ಒಂದೇ ಒಂದು ವೈರ್ ಕಿತ್ತರು. ಅವತ್ತಿನಿಂದ ಬಸ್ಸು ಆರಾಮಾಗಿ ಓಡುತ್ತಿದೆ, ಲಿಫ್ಟ್ ಆರಾಮಾಗಿ ಮಲಗಿದೆ. ವೀಲ್‌ಚೇರ್‌ಗೆಂದು ಬಿಟ್ಟ ಜಾಗದಲ್ಲಿ ಜಾಕು, ಪೊರಕೆ, ಎರಡು ಮೂಟೆ ಈರುಳ್ಳಿ. ಈರುಳ್ಳಿಗೆ ಲಗೇಜ್ ಟಿಕೆಟ್ ಉಂಟು.

ಅಂಗವಿಕಲರ ಹಕ್ಕಿಗೆ ಕಾನೂನು ಇಲ್ಲ ಅಂತಲ್ಲ. 1995ರದ್ದು ಒಂದಿತ್ತು, ಅದರ ಜಾಗಕ್ಕೆ 2016ರದ್ದು ಬಂತು. 2015ರ ಡಿಸೆಂಬರ್ 3ರಂದು ಸುಗಮ್ಯ ಭಾರತ ಅಭಿಯಾನ ಶುರುವಾದಾಗ ಸರ್ಕಾರಿ ಬಸ್ಸುಗಳಲ್ಲಿ ನೂರಕ್ಕೆ 10 ಎಲ್ಲರೂ ಹತ್ತುವಂತಿರಬೇಕು ಎಂಬ ಗುರಿಯಿತ್ತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಬರೀ ಮಾರ್ಗಸೂಚಿ ಸಾಲದು, ಪಾಲಿಸಲೇಬೇಕಾದ ನಿಯಮಗಳನ್ನು ಮೂರು ತಿಂಗಳಲ್ಲಿ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ನಮ್ಮ ಕಮಿಟಿಯೂ ಸುಮ್ನೆ ಕೂರಲಿಲ್ಲ. ಬಸ್ಸಿನ ಮೇಲಿನ ನೀಲಿ ಸ್ಟಿಕ್ಕರ್ ಎರಡರಷ್ಟು ದೊಡ್ಡದಾಯಿತು.

ಇಷ್ಟಾದರೂ ಅಂಗವಿಕಲರಿಗೆ ಪಾಸ್ ಕೊಡುವುದರಲ್ಲಿ ನಾವು ಯಾವತ್ತೂ ಹಿಂದೆ ಬಿದ್ದಿಲ್ಲ. ಹತ್ತಿದ ಮೇಲೆ ಎಷ್ಟು ದೂರ ಬೇಕಾದರೂ ರಿಯಾಯಿತಿ ಕೊಡೋಣ, ಆ 90 ಸೆಂಟಿಮೀಟರ್ ಮಾತ್ರ ಅವರೇ ನೋಡಿಕೊಳ್ಳಲಿ. ಇಲ್ಲದಿದ್ದರೆ ನಾಲ್ಕು ಜನ ಎತ್ತಿ ಇಟ್ಟರಾಯ್ತು, ಅಲ್ವಾ? ಅದೂ ಆಗದಿದ್ದರೆ ಹಿಂದಿನ ಬಸ್ಸು ಖಾಲಿ ಬರ್ತಾ ಇದೆ.

ವರ್ಷದ ಕೊನೆಯಲ್ಲಿ ಕಮಿಟಿ ಮತ್ತೆ ಎರಡನೇ ಮಹಡಿಯಲ್ಲಿ ಸೇರಿತು. ಲಿಫ್ಟ್ ಬಗ್ಗೆ ಪ್ರಯಾಣಿಕರಿಂದ ಬಂದ ದೂರು: ಸೊನ್ನೆ. ರಿಪೇರಿ ಖರ್ಚು: ಸೊನ್ನೆ. ಸವೆತ: ಸೊನ್ನೆ. ಇಷ್ಟು ಗಟ್ಟಿ ಮಾಲನ್ನು ಯಾರೂ ನೋಡಿರಲಿಲ್ಲ. ಮುಂದಿನ ಬಸ್ಸುಗಳಿಗೂ ಅದೇ ಕಂಪನಿಗೆ ಆರ್ಡರ್ ಹೋಯಿತು.