‘ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ’ ಎಂಬುದಿಲ್ಲ: ಒಂದು ಸ್ಪಷ್ಟನೆ

2ರ 13,62,79,841ನೇ ಘಾತದಿಂದ 1ನ್ನು ಕಳೆದರೆ ಬರುವ ಸಂಖ್ಯೆಯೇ ಜಗತ್ತಿನ ಕೊನೆಯ ಅವಿಭಾಜ್ಯ ಸಂಖ್ಯೆ, ಅದರಿಂದ ಬ್ಯಾಂಕುಗಳ ಗೂಢಲಿಪಿ ಮುರಿಯಬಹುದು ಎಂಬ ಸಂದೇಶವೊಂದು ಹರಿದಾಡುತ್ತಿದೆ. ಎರಡೂ ಮಾತು ತಪ್ಪು.

2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡ್ಯುರಾಂಟ್ ಪತ್ತೆಹಚ್ಚಿದ, 4,10,24,320 ಅಂಕಿಗಳುಳ್ಳ ಈ ಸಂಖ್ಯೆ, ಆಗ ತಿಳಿದಿದ್ದ ಅವಿಭಾಜ್ಯಗಳಲ್ಲಿ ದೊಡ್ಡದಾಗಿತ್ತು, ಅಷ್ಟೆ. ಅದರವರೆಗಿನ ಎಲ್ಲ ಅವಿಭಾಜ್ಯಗಳನ್ನೂ ಗುಣಿಸಿ 1 ಕೂಡಿಸಿದರೆ, ಬರುವ ಮೊತ್ತವನ್ನು ಅವುಗಳಲ್ಲಿ ಯಾವುದರಿಂದ ಭಾಗಿಸಿದರೂ 1 ಶೇಷ ಉಳಿಯುವುದರಿಂದ, ಆ ಮೊತ್ತದ ಅವಿಭಾಜ್ಯ ಅಪವರ್ತನ ಇನ್ನೂ ದೊಡ್ಡದೇ ಆಗಿರಬೇಕೆಂಬುದು ಯೂಕ್ಲಿಡ್‌ನ ಕಾಲದಿಂದಲೂ ತಿಳಿದ ವಿಷಯ. (ಮೊತ್ತವೇ ಅವಿಭಾಜ್ಯವಾಗುತ್ತದೆ ಎಂದು ಕೆಲವರು ಬರೆಯುವುದುಂಟು, ಅದೂ ಸರಿಯಲ್ಲ. 2, 3, 5, 7, 11, 13ರ ಗುಣಲಬ್ಧಕ್ಕೆ 1 ಕೂಡಿಸಿದರೆ ಬರುವ 30031, 59 ಮತ್ತು 509ರ ಗುಣಲಬ್ಧ.)

ಇದನ್ನು ‘52ನೇ ಮರ್ಸೆನ್ ಅವಿಭಾಜ್ಯ’ (2ರ ಘಾತವೊಂದರಿಂದ 1ನ್ನು ಕಳೆದಾಗ ಬರುವ ಅವಿಭಾಜ್ಯವೇ ಮರ್ಸೆನ್ ಅವಿಭಾಜ್ಯ) ಎನ್ನುವಾಗಲೂ ‘ತಿಳಿದಿರುವವುಗಳಲ್ಲಿ’ ಎಂದು ಸೇರಿಸಬೇಕು. ಇದಕ್ಕಿಂತ ಚಿಕ್ಕ ಘಾತಾಂಕಗಳೆಲ್ಲದರ ಪರೀಕ್ಷೆ ಮುಗಿಯುವ ಮೊದಲೇ ಇದು ಸಿಕ್ಕಿತು.

ಗೂಢಲಿಪಿಯ ಭಯಕ್ಕಂತೂ ಆಧಾರವೇ ಇಲ್ಲ. ಬಳಕೆಯಲ್ಲಿರುವ 2048 ಬಿಟ್‌ನ ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನದ ಕೀಲಿಗಳಿಗೆ ಬೇಕಾದುದು ಸುಮಾರು 300 ಅಂಕಿಗಳ, ಯಾರಿಗೂ ತಿಳಿಯದಂತೆ ಆರಿಸಿದ ಎರಡು ಅವಿಭಾಜ್ಯಗಳು. ಎಲ್ಲರಿಗೂ ಗೊತ್ತಿರುವ ಈ ದೈತ್ಯಸಂಖ್ಯೆ ಅವನ್ನು ಹುಡುಕಲು ಯಾವ ನೆರವನ್ನೂ ನೀಡದು.