ಖಾಲಿ ಪರದೆಯಲ್ಲೊಂದು ರಕ್ತದಾನ ಶಿಬಿರ

ದೇಶದಲ್ಲಿ ಅತಿ ಹೆಚ್ಚು ರಕ್ತದಾನ ಶಿಬಿರಗಳು ನಡೆಯುವುದು ಎಸ್‌ಎಸ್‌ಬಿ (ಸೇನಾ ಅಧಿಕಾರಿಗಳ ಆಯ್ಕೆ ಮಂಡಳಿ) ಉತ್ತರಪತ್ರಿಕೆಗಳಲ್ಲಿ. ಸೇನೆಗೆ ಅಧಿಕಾರಿಗಳನ್ನು ಆರಿಸುವ ಜಾಗ ಬೆಂಗಳೂರಿನ ಕಬ್ಬನ್ ರಸ್ತೆಯದಿರಲಿ, ಮೈಸೂರಿನ ವಾಯುಪಡೆ ಕೇಂದ್ರವಿರಲಿ, ಪರದೆ ಮೇಲೆ ಮಸುಕು ಚಿತ್ರವೊಂದು 30 ಸೆಕೆಂಡು ಮೂಡಿ ಮಾಯವಾಗುತ್ತದೆ. 4 ನಿಮಿಷದಲ್ಲಿ ಕಥೆ ಕಟ್ಟಬೇಕು. ಹೀಗೆ 11 ಚಿತ್ರ. 12ನೆಯದು ಬರೀ ಖಾಲಿ ಪರದೆ.

ಟಿಎಟಿ (ಥೀಮ್ಯಾಟಿಕ್ ಅಪರ್ಸೆಪ್ಷನ್ ಟೆಸ್ಟ್) ಎಂಬ ಈ ಮನಸ್ಸಿನ ಪರೀಕ್ಷೆಯ ಮೂಲ 1930ರ ದಶಕದ ಹಾರ್ವರ್ಡ್. ಹೆನ್ರಿ ಮರ್ರೆ, ಕ್ರಿಸ್ಟಿಯಾನಾ ಮಾರ್ಗನ್ ಎಂಬಿಬ್ಬರು ಮನೋವಿಶ್ಲೇಷಕರ ಕೂಸು. ಚಿತ್ರ ಅಸ್ಪಷ್ಟವಾದಷ್ಟೂ ನೋಡುವವನ ಆಸೆ, ಅಂಜಿಕೆ, ಅಪ್ಪನ ಮೇಲಿನ ಸಿಟ್ಟು ಎಲ್ಲ ಕಥೆಯ ವೇಷದಲ್ಲಿ ಹೊರಬೀಳುತ್ತವೆ ಎಂಬುದು ಅವರ ಲೆಕ್ಕಾಚಾರ. ಪಾಪ, ನಮ್ಮ ಕೋಚಿಂಗ್ ಸೆಂಟರ್‌ಗಳನ್ನು ಅವರು ಕಂಡಿರಲಿಲ್ಲ.

ಕಿಟಕಿ ಬಳಿ ಮುಖ ಊದಿಸಿಕೊಂಡ ಹೆಂಗಸು, ಬೆನ್ನು ತಿರುಗಿಸಿ ನಿಂತ ಗಂಡಸು. ಗಂಡ ಹೆಂಡತಿ ಜಗಳವೆಂದು ಎಂಥವನಿಗೂ ಗೊತ್ತಾಗುತ್ತದೆ. ಆದರೆ ಕೋಚಿಂಗ್ ಮುಗಿಸಿದ ಹುಡುಗನಿಗೆ ಕಾಣುವುದೇ ಬೇರೆ: ಆತ ರಾಹುಲ್, ಎಂಜಿನಿಯರ್, ಎನ್‌ಸಿಸಿ ಕೆಡೆಟ್. ಆಕೆ ಊರಿನ ನೀರಿನ ಬವಣೆ ತೋಡಿಕೊಳ್ಳುತ್ತಿದ್ದಾಳೆ. ರಾಹುಲ್ ತಕ್ಷಣ ಗೆಳೆಯರನ್ನು ಸೇರಿಸಿ, ಕೆರೆಯ ಹೂಳೆತ್ತಿ, ದಂಡೆಯ ಮೇಲೆ ರಕ್ತದಾನ ಶಿಬಿರ ಮಾಡಿ, ಜಿಲ್ಲಾಧಿಕಾರಿಯಿಂದ ಶಾಲು ಹೊದಿಸಿಕೊಳ್ಳುತ್ತಾನೆ. ಇಷ್ಟೂ ನಾಲ್ಕೇ ನಿಮಿಷದಲ್ಲಿ! (ಸಣ್ಣ ನೀರಾವರಿ ಇಲಾಖೆಯವರು ಇವನನ್ನು ಹೇಗೆ ಬಿಟ್ಟರೋ.)

ಬೆಂಕಿಯ ಚಿತ್ರ ಬಂದರೆ ರಾಹುಲ್ ಒಬ್ಬನೇ ನುಗ್ಗಬಾರದು, ಅದು ದುಡುಕು. ಊರವರನ್ನು ಕೂಡಿಸಿಕೊಂಡರೆ ನಾಯಕತ್ವ. ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ ದೂರ ನಿಂತರೆ? ಬುದ್ಧಿಯಿರುವವರು ಮಾಡುವುದು ಅದನ್ನೇ. ಆದರೆ ಅಧಿಕಾರಿಗೆ ಇರಬೇಕಾದ 15 ಗುಣಗಳಲ್ಲಿ ಅದು ಯಾವುದರಡಿ ಬರುತ್ತದೋ ಕೋಚಿಂಗ್ ಸರ್‌ಗೂ ಹೊಳೆದಿಲ್ಲ.

ಮನಸ್ಸು ಬಿಚ್ಚಿಕೊಳ್ಳಲೆಂದು ಬಿಟ್ಟ ಆ ಖಾಲಿ ಪರದೆಗಂತೂ ಎಲ್ಲರೂ ಮನೆಯಲ್ಲೇ ಬಾಯಿಪಾಠ ಮಾಡಿದ ಕಥೆ ತಂದಿರುತ್ತಾರೆ. ಖಾಲಿ ಪರದೆ ನೋಡಿದರೆ ಏನೂ ತೋಚದ ಒಬ್ಬ ಪ್ರಾಮಾಣಿಕನೂ ಈ ದೇಶದಲ್ಲಿ ಉಳಿದಿಲ್ಲವೆಂದಾಯಿತು.

ಉರು ಹೊಡೆದ ಕಥೆಯನ್ನು ಮನಃಶಾಸ್ತ್ರಜ್ಞರು ವಾಸನೆಯಲ್ಲೇ ಹಿಡಿಯುತ್ತಾರಂತೆ. ಅದಕ್ಕೇ ಈಗ ಸಹಜವಾಗಿ ಬರೆಯುವುದನ್ನು ಕಲಿಸುವ ಬ್ಯಾಚ್ ಬೇರೆ, ಜಿಎಸ್‌ಟಿ ಪ್ರತ್ಯೇಕ. ಎರಡನೇ ಸಾಲಿನಲ್ಲಿ ಒಂದು ಪದ ಬರೆದು, ತಡವರಿಸಿದಂತೆ ಹೊಡೆದುಹಾಕಬೇಕು. ಯಾವ ಪದ ಎಂಬುದು ನೋಟ್ಸ್‌ನಲ್ಲಿದೆ.